ಸದರಿ

ಹಳೆಯ ಲೆಜ್ಜರಿನಲ್ಲಿ
ಡೇರಿ ಕಾರ್ಯದರ್ಶಿ ಬೋರಲಿಂಗಯ್ಯ
ಮೊದಲ ಸಾಲಿಗಷ್ಟೇ ಊರಿನ ಹೆಸರು ಬರೆದು
ಕೆಳಗೆಲ್ಲ ಸದರಿ, ಸದರಿ ಎಂದು ಗೀಚುತ್ತಿದ್ದ.
ಶಾಯಿಯೂ ಉಳಿಯಿತು, ಮಣಿಕಟ್ಟೂ ಉಳಿಯಿತು.
ಓದುವವನಿಗೆ ಏನೂ ಕಳೆಯಲಿಲ್ಲ.

ಈಗ ಆ ಕೆಲಸ ನನ್ನದು.
ಮಂಡ್ಯದಲ್ಲೊಂದು ಸ್ಟೋರೇಜು, ಮೈಸೂರಲ್ಲೊಂದು.
ಇಲ್ಲಿ ಬರೆದದ್ದು ಅಲ್ಲೂ ಬರೆದಿರಬೇಕು;
ಇಲ್ಲಿ ಬೆಂಕಿ ಬಿದ್ದರೆ, ನೀರು ನುಗ್ಗಿದರೆ
ಹಾಲಿನ ಲೆಕ್ಕ ಅಲ್ಲಿಂದ ಎದ್ದು ನಿಲ್ಲಬೇಕು
ಒಂದು ಲೋಟವೂ ಕಡಿಮೆಯಾಗದೆ.
ನಡುವೆ ನಲವತ್ತೈದು ಕಿಲೋಮೀಟರು ತಂತಿ,
ಹೆದ್ದಾರಿಯ ಮಗ್ಗುಲಲ್ಲಿ ಮಲಗಿ,
ಶ್ರೀರಂಗಪಟ್ಟಣದಲ್ಲಿ ಸೇತುವೆಯ ಹೊಟ್ಟೆಗೆ ಅಂಟಿ ಹೊಳೆ ದಾಟುವುದು.
ತಂತಿ ಸಪೂರ. ಬಾಡಿಗೆ ದಪ್ಪ.

ಅದಕ್ಕೇ ಹಿಂಡಿ ಕಳಿಸುತ್ತೇವೆ.
ಬೆಲ್ಲದ ಹಾಗಲ್ಲ,
ಬೆಲ್ಲದಿಂದ ಕಬ್ಬು ಮತ್ತೆ ಏಳುವುದಿಲ್ಲ.
ಇದು ಸೀರೆ ಮಡಿಸಿದ ಹಾಗೆ:
ಆ ಕಡೆ ಬಿಚ್ಚಿದರೆ ಆರು ಗಜವೂ ಇರಬೇಕು,
ಸೆರಗಿನ ಸಾರಿನ ಕಲೆ ಸಮೇತ.

ರಾತ್ರಿ ಪಾಳಿಯಲ್ಲಿ ನೋಡುತ್ತ ಕೂತರೆ
ಯಂತ್ರಕ್ಕೆ ಎಂಥ ಬದುಕು ಇಷ್ಟವೆಂದು ತಿಳಿಯುತ್ತದೆ.
ಜವರಮ್ಮ, ಬೆಳಗ್ಗೆ ನಾಲ್ಕು ಲೀಟರು, ಸಂಜೆ ಮೂರೂವರೆ.
ಮಾರನೆಯ ದಿನ ಜವರಮ್ಮ, ನಾಲ್ಕು, ಮೂರೂವರೆ.
ಕತ್ತಲಲ್ಲೆದ್ದು, ಸಗಣಿ ಬಾಚಿ, ಕೆಚ್ಚಲು ತೊಳೆದು,
ಮಂಡಿನೋವಿನ ಮೇಲೆ ಕುಕ್ಕರಗಾಲಲ್ಲಿ ಕೂತು
ಆರು ವರ್ಷ.
ಯಂತ್ರ ಹೇಳುವುದಿಷ್ಟೇ: ಸದರಿ.
ಐದು ಹೊರೆ ಒಂದು ಗಂಟಾಗುತ್ತದೆ.
ಏನೂ ಬರೆಯದ ಜಾಗ, ಬರೀ ಸೊನ್ನೆ,
ಅದಂತೂ ತೂಕವೇ ಇಲ್ಲದೆ ಹೊಳೆ ದಾಟುತ್ತದೆ.

ಒಂದು ಮಂಗಳವಾರ ರಾತ್ರಿ ಹನ್ನೊಂದೂಕಾಲಿಗೆ
ಐದಕ್ಕೆ ಒಂದು ಇದ್ದದ್ದು ಒಂದಕ್ಕೆ ಒಂದಾಯಿತು.
ಸಾಲು ಬೆಳೆಯಿತು. ಮೈಸೂರು ಹತ್ತು ನಿಮಿಷ ಹಿಂದೆ,
ನಲವತ್ತು ನಿಮಿಷ, ಎರಡು ಗಂಟೆ ಹಿಂದೆ.
ನನಗೆ ಬೆವರು:
ಯಾರೋ ಒಳಗೆ ನುಗ್ಗಿ ಕಡತಕ್ಕೆಲ್ಲ ಬೀಗ ಜಡಿಯುತ್ತಿದ್ದಾರೆ.
ಬೀಗ ಬಿದ್ದ ಅಕ್ಷರ ಎರಡು ಸಲ ಒಂದೇ ಥರ ಕಾಣುವುದಿಲ್ಲ,
ಹಿಂಡುವ ಕೈಗೆ ಸಿಗುವುದಿಲ್ಲ.

ಹೆಬ್ಬಾಳದ ಕಡೆ ಆ ರಾತ್ರಿ ಪಾಳಿ ಶಾಹೀನಾದು. ಫೋನು ಮಾಡಿದೆ.
"ಗಾಬರಿ ಬೇಡ. ಒಂದು ಫೈಲು ತೆಗೆದು ನೋಡಿ."

ತೆಗೆದೆ.
ಒಂದು ಹಸು. ಕಿವಿಯಲ್ಲಿ ಹಳದಿ ಬಿಲ್ಲೆ.
ಪಕ್ಕದಲ್ಲಿ, ಕ್ಯಾಮೆರಾಕ್ಕೆ ಹೆದರಿದ ಹೆಂಗಸು.
ಇನ್ನೊಂದು ಹಸು, ಇನ್ನೊಬ್ಬ ಹೆಂಗಸು.
ರಾಸು ವಿಮೆಗೆಂದು ಸಂಘ ಸಂಘದಿಂದಲೂ
ಮೂವತ್ತೆಂಟು ಸಾವಿರ ಫೋಟೋ,
ಎಂದಿನಂತೆ ಕೊನೆಯ ದಿನದ ರಾತ್ರಿ.

ಜವರಮ್ಮನೂ ಇದ್ದಳು.
ಬಲಗಣ್ಣಿನ ಕೆಳಗೆ ಮಚ್ಚೆ.
ಹಸುವಿಗೆ ಒಂದೇ ಕೊಂಬು.
ಅವಳ ಕೈ ಹಗ್ಗದ ಮೇಲಿರಲಿಲ್ಲ,
ಗಂಗೆದೊಗಲಿನ ಕೆಳಗಿತ್ತು, ಅಲ್ಲಿ ಬೆಚ್ಚಗಿರುತ್ತದಲ್ಲ.
ಆರು ವರ್ಷದಿಂದ ನನಗೆ ನಾಲ್ಕು ಲೀಟರಾಗಿದ್ದವಳು.

"ಮೊಬೈಲೇ ಒಂದು ಸಲ ಹಿಂಡಿ ಕಳಿಸಿದೆ," ಅಂದಳು ಶಾಹೀನಾ.
"ಕರೆದಾದ ಮೇಲೂ ಕೆಚ್ಚಲು ಹಿಂಡಿದರೆ ರಕ್ತ ಬರುತ್ತೆ.
ಆ ವಾಲ್ಯೂಮಿಗೆ ಕಂಪ್ರೆಶನ್ ತೆಗೀರಿ.
ಇದ್ದ ಹಾಗೇ ಬರಲಿ."

ತೆಗೆದೆ. ಏದುಸಿರು ಬಿಡುತ್ತಿದ್ದ ಪ್ರೊಸೆಸರು ತಣ್ಣಗಾಯಿತು.
ತಂತಿ ತುಂಬ ಮುಖಗಳು, ಕೊಂಬುಗಳು,
ಒಂದೊಂದೂ ಪೂರ್ತಿ ಟಿಕೆಟು ಕೊಟ್ಟು
ಹೊಳೆ ದಾಟಿದವು.

ಐದೂಮುಕ್ಕಾಲಿಗೆ ಎರಡೂ ಊರು ಸಮವಾದವು.
ಶಾಹೀನಾ ತಾಳೆ ನೋಡಿ "ಸರಿ ಇದೆ" ಅಂದಳು.
ಸ್ವಲ್ಪ ತಡೆದು,
"ಆ ಕೊಂಬು ಮುರಿದಿದ್ದು ಹೇಗಂತೆ?"
ನನಗೇನು ಗೊತ್ತು.
ಆ ಕಲಂ ನಮ್ಮಲ್ಲಿಲ್ಲ.

ಹೊರಗೆ ಕ್ಯಾನುಗಳ ಸದ್ದು.
ಪರದೆಯ ಮೇಲೆ ಬೆಳಗಿನ ಮೊದಲ ಸಾಲುಗಳು.
ಜವರಮ್ಮ, ಮೂರೂಮುಕ್ಕಾಲು.
ಕಾಲು ಲೀಟರು ಕಡಿಮೆ.
ಯಂತ್ರ ಸದರಿ ಎನ್ನಲಿಲ್ಲ.
ಅಷ್ಟನ್ನು ಬಿಡಿಸಿ ಬರೆದು
ಮೈಸೂರಿಗೆ ಕಳಿಸಿತು.