ಅರ್ಧ ಇಂಚಿನ ಪಾನಾ

ಮೂರು ದಿನ ಸೀಮೆಎಣ್ಣೆ ಕುಡಿಸಿದೆ ಆ ನಾಲ್ಕು ಬೋಲ್ಟಿಗೆ.
ಮೂರು ಬಿಟ್ಟವು. ನಾಲ್ಕನೆಯದು,
ಎಡಗಡೆ ಹಿಂದಿನದು,
ಥೇಟು ಜಟ್ಟಿ ತಾಂಡೇಲನೇ: ಕೇಳಿದಷ್ಟೂ ಬಿಗಿ.
ಕೊನೆಗೆ ಗರಗಸ.

ಕೋಡಿಬಾಗದ ದಂಡೆ. ಕಾಳಿಯಲ್ಲಿ ಇಳಿತ.
ಮೂರು ತೆಂಗಿನ ಕಂಬದ ತಲೆ ಕೂಡಿಸಿ ಕಟ್ಟಿ
ಚೈನು ಪುಲ್ಲಿ ತೂಗುಬಿಟ್ಟು ಎಳೆದೆವು,
ಟಕ್, ಟಕ್, ಒಂದೊಂದೇ ಕೊಂಡಿ.
ಮೇಲೆದ್ದಿತು ಮುದುಕ ಇಂಜಿನು
ಕಿತ್ತ ದವಡೆಹಲ್ಲಿನ ಹಾಗೆ, ಕಾಲಿಗೆ ಕರಿ ಮೆತ್ತಿಕೊಂಡು.

ಮೂವತ್ತೊಂದು ವರ್ಷ ಇದರ ಕೆಮ್ಮು ಕೇಳಿದ್ದೇನೆ.
ಗಾಳಿ ಸತ್ತ ಮಧ್ಯಾಹ್ನ
ಹಾಯಿ ಒದ್ದೆ ಪಂಚೆಯಂತೆ ಜೋತು ಬಿದ್ದಾಗ
ದೇವಗಡದ ದೀಪದಾಚೆಯಿಂದ
ಒಂಟಿ ಸಿಲಿಂಡರಿನಲ್ಲಿ ಗುಡುಗುಟ್ಟುತ್ತ ಬರುತ್ತಿತ್ತು.
ಅಂಗಡಿಯಲ್ಲಿ ಕೂತೇ ಹೇಳುತ್ತಿದ್ದೆ:
ಬಂದ ಜಟ್ಟಿ. ಇಂಜೆಕ್ಟರು ಸೋರ್ತಾ ಉಂಟು.

ಇಂಜಿನು ಕೂತಿದ್ದಲ್ಲಿ ಮೊಳದುದ್ದ ಕತ್ತಲೆ,
ಉಪ್ಪುನೀರು, ಡೀಸೆಲ್ಲು, ರಾಡಿ.
ಡಬ್ಬಿಯಲ್ಲಿ ಮೊಗೆದು ಚೆಲ್ಲಿದೆ. ಬಂದವು
ನಾಲ್ಕಾಣೆ ಒಂದು, ಹಸಿರು ಬಳೆಯ ಚೂರು
(ಯಾರದೋ, ಜಟ್ಟಿ ಆಚೆ ನೋಡಿದ),
ಮತ್ತೆ ಬೆರಳಿಗೆ ತಾಗಿದ್ದು
ಕಣ್ಣಿಗೆ ಬೀಳುವ ಮೊದಲೇ ಕೈಗೆ ಗೊತ್ತಾಯಿತು:
ಪಾನಾ. ಅರ್ಧ ಇಂಚಿನದು.
ಹಿಡಿಯ ಮೇಲೆ ನಾನೇ ಅರದಲ್ಲಿ ಕೊರೆದ
ಮೂರು ಗೀರು.

ಗೋಯ್ದುಗೆ ಆಗ ಹದಿನಾಲ್ಕು.
ದಿನಕ್ಕೆ ಐದು ರೂಪಾಯಿ, ಚಾ, ಒಂದು ಬನ್ಸು.
ಪಾನಾ ಎಲ್ಲೋ? ಅಂದೆ.
ಇಲ್ಲೇ ಇತ್ತು ಅಂದ.
ಗುಜರಿಗೆ ಹಾಕಿದ್ದೀಯ ಅಂದೆ.
ಇಲ್ಲ ಮೇಸ್ತ್ರಿ ಅಂದ.
ನಾಲ್ಕು ಜನರೆದುರು
ಅವನ ಚಡ್ಡಿಯ ಕಿಸೆಯನ್ನು ನಾಲಗೆಯ ಹಾಗೆ ಹೊರಗೆಳೆದೆ.
ಸುಟ್ಟ ಗೇರುಬೀಜ ಎರಡು ಬಿದ್ದವು.
ಹೆಕ್ಕಿಕೊಂಡು ಹೋದ.
ಒಂದನ್ನೇ ಹೆಕ್ಕಿದನೇನೋ. ಅದು ಸರಿಯಾಗಿ ನೆನಪಿಲ್ಲ.

ಹೊಸದು ಹುಬ್ಬಳ್ಳಿಯಿಂದ ಬಂತು,
ನೀಲಿ ಬಣ್ಣ, ತೆಳು ಮೈ, ಪೆಟ್ಟಿಗೆಯ ತುಂಬ ಥರ್ಮಾಕೋಲು.
ದಂಡೆಯ ಮೇಲೇ ಜೋಡಿಸಿ ಮುಗಿಸು ಅಂದ ಜಟ್ಟಿ.
ಆಗೋದಿಲ್ಲ.
ಮರಳ ಮೇಲೆ ಕೂತ ದೋಣಿಗೆ ಒಂದು ಆಕಾರ,
ನೀರು ಎತ್ತಿಕೊಂಡ ಮೇಲೆ ಇನ್ನೊಂದು.
ಭರತಕ್ಕೆ ಕಾದೆವು.
ತೇಲಿದ ಮೇಲೆ ಗೂಟಕ್ಕೆ ಕಟ್ಟಿ
ಒಂದು ರಾತ್ರಿ ಹಲಗೆಗಳು ಸುಮ್ಮನಾಗಲಿ ಎಂದು ಬಿಟ್ಟೆ.
ಬೆಳಿಗ್ಗೆ ಶಾಫ್ಟಿನ ಬಾಯಿಗೆ ಬಾಯಿ ಹಚ್ಚಿ
ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ತೂರಿಸಿ ನೋಡಿದೆ:
ಮೇಲೆ ಹಿಡಿಯಿತು, ಕೆಳಗೆ ಜಾರಿತು.
ತಗಡು ಕೊಟ್ಟೆ. ಮತ್ತೆ ನೋಡಿದೆ.
ಮತ್ತೆ ತಗಡು. ಮಧ್ಯಾಹ್ನದ ಗಂಜಿ ಆರಿತು.

ನಡುವೆ ಒಮ್ಮೆ, ಯಾರೂ ನೋಡದಾಗ,
ಆ ಪಾನಾ ಒರೆಸಿ ಹೊಸ ನಟ್ಟಿಗೆ ಹಚ್ಚಿದೆ.
ಇವೆಲ್ಲ ಮಿಲಿಮೀಟರು. ಹದಿಮೂರು.
ಕೂದಲೆಳೆಯಷ್ಟರಲ್ಲಿ ಕೂರಲಿಲ್ಲ.

ಗುಜರಿಯ ಹುಡುಗ ತಕ್ಕಡಿ ತಂದ.
ಹಳೆ ಇಂಜಿನು, ಮುರಿದ ಬೋಲ್ಟು, ತುಕ್ಕು ಟಾಕಿ.
ಅದನ್ನೂ ಹಾಕಿ ಬಸ್ತ್ಯಾಂವ್ ಮೇಸ್ತ್ರಿ, ಅಂದ,
ನನ್ನ ಕೈ ನೋಡಿ.
ಇದು ಮಾರೋದಲ್ಲ ಅಂದೆ.
ಹುಡುಗ ನಕ್ಕ: ನಮ್ಮಪ್ಪ ಹೇಳ್ತಿದ್ದ,
ನೀವು ಒಂದ್ಸಲ ಬಂದು
ನಮ್ಮ ರಾಶಿಯನ್ನೆಲ್ಲ ಕೆದಕಿ ಹೋಗಿದ್ರಂತೆ.
ತೂಕದ ಕಲ್ಲುಗಳನ್ನು ಎಣಿಸುವುದರಲ್ಲಿದ್ದೆ ನಾನು.

ಹೊಸದು ಒಂದೇ ಗುಂಡಿಗೆ ಹೊತ್ತಿಕೊಂಡಿತು.
ಕೆಮ್ಮಿಲ್ಲ, ಹೊಗೆಯಿಲ್ಲ.
ತೂಕ ಸಾಲದೆ ದೋಣಿಯ ಹಿಂಬದಿ ನಾಲ್ಕು ಬೆರಳು ಮೇಲೆದ್ದು
ಇಷ್ಟು ವರ್ಷ ನೀರಡಿಯಿದ್ದ ಪಾಚಿಪಟ್ಟಿ
ಬಿಸಿಲಿಗೆ ಬಂತು. ಜಟ್ಟಿ
ಕೆಂಪುಕಲ್ಲು ಹೇರಿ ಸಮ ಮಾಡಿಕೊಂಡ.
ಹಾಯಿ ಬಿಚ್ಚಿ ಸದಾಶಿವಗಡದತ್ತ ತಿರುಗಿದ.
ನನಗೆ ಅದರ ದನಿ ಇನ್ನೂ ಗುರುತಿಲ್ಲ.

ಗೋಯ್ದು ಬೈತಖೋಲದಲ್ಲಿ
ಐಸಿನ ಗಿರಣಿಯಲ್ಲಿದ್ದಾನಂತೆ, ಎರಡು ಮಕ್ಕಳಂತೆ.
ದೂರವೇನಲ್ಲ.
ಕಿಸೆಯಲ್ಲಿ ಪಾನಾ, ಅಂಗಿಗೆ ಎಣ್ಣೆ ಹೀರುತ್ತಿದೆ.
ಮೊದಲ ಬಸ್ಸು ಬಂತು, ನಿಂತಿತು, ಬಿಟ್ಟೆ.
ಎರಡನೆಯದರಲ್ಲಿ ಸೀಟೂ ಇತ್ತು.