ಆರಿಸಿದ್ದು

ನದಿಯ ನಡುವೆ ನಿಂತೇ ಹೋಯಿತಲ್ಲ,
ಅಂದೇ ತೀರ್ಮಾನವಾಯಿತು.
ಹಿಮ ಕರಗಿ ಬಂದ ಬೂದಿಬಣ್ಣದ ನೀರು
ಬಾಗಿಲ ಸಂದಿಯಿಂದ ಒಳಬಂದು
ಪಕ್ಕದ ಸೀಟಿನಲ್ಲಿ ನೆಂಟರ ಹಾಗೆ ಕೂತಿತು.
ರಷ್ಯದ ಜೀಪು, ಪೆಟ್ರೋಲಿನದು. ಕಿಡಿ ಬೇಕು ಅದಕ್ಕೆ,
ಕಿಡಿಗೆ ಒಣಗಿದ ತಂತಿ ಬೇಕು;
ಐಸ್‌ಲ್ಯಾಂಡಿನಲ್ಲಿ, ಸೆಪ್ಟೆಂಬರಿನಲ್ಲಿ,
ಒಣಗಿದ್ದು ಅಂದರೆ ಮೀನೊಂದೇ.

ಥೋರ್ಡೀಸ್ ಬಾನೆಟ್ಟಿನ ಮೇಲೆ ಹತ್ತಿ ಕೂತು
ಎಳೆಯಲು ಯಾರಾದರೂ ಬರುವವರೆಗೆ, ಎರಡು ಗಂಟೆ,
ನದಿಯನ್ನು ಬಿಟ್ಟು ಎಂಜಿನನ್ನು ಬೈದಳು:
ಕುಡಿಯುವಾಗ ಕುದುರೆ,
ನೀರು ಕಂಡರೆ ಬೆಕ್ಕು.

ಈಗ ಬರ್ಗ್‌ಸ್ವೇನನ ಶೆಡ್ಡಿನಲ್ಲಿ
ಹಲಗೆಗಳ ಮೇಲೆ ಮೂರು ಡೀಸೆಲ್ ಎಂಜಿನ್.

ಒಂದು, ರೇಕ್ಯಾವಿಕ್‌ನ ಟ್ಯಾಕ್ಸಿಯದು.
ನಾಲ್ಕು ಲಕ್ಷ ಕಿಲೋಮೀಟರು
ಶನಿವಾರ ರಾತ್ರಿಯ ಕುಡುಕರನ್ನು ಮನೆ ಮುಟ್ಟಿಸಿದ್ದು.
ದನಿ ಮೆತ್ತಗೆ, ನಡತೆ ಚೆನ್ನ,
ಆದರೆ ಎಣ್ಣೆತೊಟ್ಟಿ ಮುಂದಿನ ಆ್ಯಕ್ಸಲ್ಲಿಗೆ ತಾಗುತ್ತದೆ.
"ಕತ್ತರಿಸಿ ಬೆಸೆಯಬಹುದು" ಅಂದ.
ಬಹುದು ಅನ್ನುವುದು ಬರ್ಗ್‌ಸ್ವೇನನ ಹಳೇ ಕಾಯಿಲೆ.

ಇನ್ನೊಂದು ಮೀನುದೋಣಿಯದು. ಬಲಭೀಮ.
ಬಿರುಗಾಳಿಯಲ್ಲಿ ಬಲೆ ಎಳೆದು ಬದುಕಿ ಬಂದದ್ದು.
ಥೋರ್ಡೀಸ್ ಅಳತೆಕಡ್ಡಿ ಎಳೆದು ಬೆಳಕಿಗೆ ಹಿಡಿದಳು:
ಎಣ್ಣೆಗೆ ಹಾಲು ಬೆರೆತ ಕಾಫಿಯ ಬಣ್ಣ.
ಉಪ್ಪು ತಿಂದದ್ದು ನೀರು ಕುಡಿದಿತ್ತು.
ಕಡ್ಡಿ ಒರೆಸಿ ಮೆಲ್ಲಗೆ ವಾಪಸಿಟ್ಟಳು,
ಆಸ್ಪತ್ರೆಯಲ್ಲಿ ಹೊದಿಕೆ ಸರಿಮಾಡುವ ಹಾಗೆ.

ಉಳಿದದ್ದು ಟ್ರ್ಯಾಕ್ಟರಿನದು.
ಎರಕದ ಕಬ್ಬಿಣ, ಎರಕದ ಹಟ.
ಎರಡು ಸಾವಿರ ಸುತ್ತು ದಾಟಿದರೆ ಪಿಂಚಣಿ ಕೇಳುತ್ತದೆ.
ರಸ್ತೆಯಲ್ಲಿ ಅರವತ್ತು;
ಇಳಿಜಾರಿದ್ದು ಹಿಂದಿನಿಂದ ಗಾಳಿ ಬಿಟ್ಟರೆ ಎಪ್ಪತ್ತು.

ಆ ರಾತ್ರಿ ಉಣ್ಣೆಯ ಲೆಕ್ಕದ ವಹಿಯ ಹಿಂಬದಿ ಪುಟದಲ್ಲಿ
ಪೆನ್ಸಿಲು ಓಡಿತು, ರಬ್ಬರು ಅದರ ಬೆನ್ನಟ್ಟಿತು.
ಮುಂದಿನ ಪಟ್ಟೆಗಳಿಗೆ ಇನ್ನೊಂದು ಎಲೆ,
ಎಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಹೊಸ ಉಕ್ಕಿನ ಬಿಲ್ಲೆ:
ಹಡಗು ರಿಪೇರಿಯವನೇ ಕೊರೆಯಬೇಕು,
ಕೂದಲೆಳೆ ತಪ್ಪಿದರೂ ಎತ್ತು ಏರಿಗೆ, ಕೋಣ ನೀರಿಗೆ.
ಡೀಸೆಲ್ಲಿನ ತೆರಿಗೆ ಬೇರೆ.

ಗಂಡ ಈಸ್‌ಲೇವುರ್ ಆಲೂಗಡ್ಡೆ ಸುಲಿಯುತ್ತ ಕೇಳಿದ:
"ಇಷ್ಟು ದುಡ್ಡಿಗೆ ಬೇರೆ ಜೀಪೇ ಬರುತ್ತಿತ್ತಲ್ಲ?"
ಈ ಪ್ರಶ್ನೆಗೆ ನಿಂತು ಉತ್ತರ ಕೊಟ್ಟವರು
ಈ ಲೋಕದಲ್ಲಿ ಒಬ್ಬರೂ ಎಂಜಿನ್ ಬದಲಿಸಿಲ್ಲ.
ಅವಳು ಪೆನ್ಸಿಲು ಚೂಪು ಮಾಡಿದಳು.

ಚಳಿಗಾಲವಿಡೀ ಶೆಡ್ಡಿನಲ್ಲಿ ಸುತ್ತಿಗೆ.
ರೇಡಿಯೇಟರು ನಾಲ್ಕು ಬೆರಳು ಮುಂದೆ ಹೋಯಿತು,
ಬ್ಯಾಟರಿ ಸೀಟಿನಡಿ ಸೇರಿತು,
ಬರ್ಗ್‌ಸ್ವೇನನ ಹೆಬ್ಬೆರಳಿನ ಉಗುರು ಎಲ್ಲಿ ಹೋಯಿತೋ.

ಮರುವರ್ಷ, ಅದೇ ನದಿ.
ಫ್ಯಾನಿನ ಬೆಲ್ಟು ಬಿಚ್ಚಿ, ಮೂಗನ್ನು ಕಿಟಕಿಯೆತ್ತರಕ್ಕೆ ಎತ್ತಿ
ಮೊದಲ ಗೇರಿನಲ್ಲಿ ಇಳಿದಳು.
ನೀರು ಬಂತು, ಕೂತಿತು, ಹಳೇ ಪರಿಚಯ.
ಎಂಜಿನ್ ಮಾತ್ರ ಒತ್ತಿ ಒತ್ತಿ ತನ್ನೊಳಗೇ ಬೆಂಕಿ ಮಾಡಿಕೊಂಡು
ಡುಗುಡುಗು ಅನ್ನುತ್ತ ಆಚೆ ದಡ ಹತ್ತಿತು.

ಅಲ್ಲಿ ಆದದ್ದು ಯಾವ ಲೆಕ್ಕದಲ್ಲೂ ಇರಲಿಲ್ಲ.
ಬೇಸಿಗೆಯಿಡೀ ಮನುಷ್ಯರ ಮುಖ ಕಾಣದ ಕುರಿಗಳು
ಬೆಟ್ಟದ ಮೂರು ಕಡೆಯಿಂದ ತಲೆಯೆತ್ತಿದವು.
ಟ್ರ್ಯಾಕ್ಟರು ಅಂದರೆ ಹುಲ್ಲು: ಮರಿಯಾಗಿದ್ದಾಗಲೇ ಕಲಿತ ಪಾಠ.
ಓಡಿ ಬಂದವು, ಪಾಚಿ ತುಳಿದು, ಜರಿ ಜಾರಿ,
ನಾಯಿಗೆ ಕೆಲಸವಿಲ್ಲದ ಹಾಗೆ.

ಗಾಡಿಯಲ್ಲಿದ್ದದ್ದು ಕುರಿ ಹುಡುಕಲು ಹೋದವರಿಗೆ ಸೂಪು,
ಅರ್ಧ ಚೀಲ ಒಣಮೀನು.
ಥೋರ್ಡೀಸ್ ಇಳಿದು ಖಾಲಿ ಕೈ ತೋರಿಸಿದಳು.
ಅವು ನಂಬಲಿಲ್ಲ. ರೇಡಿಯೇಟರಿನ ಶಾಖಕ್ಕೆ ಮುಖವೊಡ್ಡಿ
ಸುತ್ತ ನಿಂತು ಕಾದವು, ಸಾಲಗಾರರನ್ನು ಕಾಯುವಂತೆ.
ಬ್ಯಾಟರಿಯ ಮೇಲೆ ಅವಳಿಗಿನ್ನೂ ನಂಬಿಕೆ ಬಂದಿಲ್ಲ;
ಆರಿಸಿದ್ದನ್ನು ಆರಿಸಲಿಲ್ಲ.