ಅರ್ಧ ಮಿಲಿಮೀಟರು

ಚಪ್ಪಲಿ ಹೊರಗ. ಬಳಿ ಹೊರಗ. ಮಾತೂ ಹೊರಗ.
ಗಾಳಿ ಸೋಸೂ ಪೆಟ್ಟಿಗಿ ಮುಂದ ಕುಂತ್ರ
ಉಸರನೂ ಪಕ್ಕಕ್ಕ ತಿರುಗಿ ಬಿಡಬೇಕು.
ದೀಪದ ನೀಲಿ ನಾಲಿಗಿಗೆ ಚಿಮಟ ತೋರ್ಸಿ
ಆರೂ ತನಕ ಕಾದು
ಗಿಣ್ಣಿನ ಕೆಳಗ ಬ್ಲೇಡ್ ಇಡ್ತೀನಿ.

ದಾಳಿಂಬರಿ ಸಿಟ್ಟಿನ ಗಿಡ.
ಬಾಳಿ ಹಂಗಲ್ಲ, ಬಾಳಿ ಕೊಯ್ದಷ್ಟೂ ನಗತೈತಿ,
ಒಂದು ಕೇಳಿದ್ರ ಎಂಟು ಕೊಡತೈತಿ.
ಇದು ಕೊಯ್ದ ಜಾಗದಿಂದ ಕರಿ ಕಕ್ಕತೈತಿ,
ಬಾಟಲಿ ತಳದ ಅಗರ್ ಎಲ್ಲಾ ಚಹಾದ ಬಣ್ಣ,
ತನ್ನ ನೋವಿನ್ಯಾಗ ತಾನ ಮುಳುಗಿ ಸಾಯತೈತಿ.
ಅದಕ್ಕ ಬ್ಯಾರೆ ಬಾಟಲಿಗೆ ಎತ್ತಿ ಇಡಬೇಕು,
ಮರುದಿನ ಮತ್ತೊಂದಕ್ಕ, ಮತ್ತ ಮತ್ತೊಂದಕ್ಕ,
ಕರಿ ಕಕ್ಕೂದು ನಿಲ್ಲೂ ತನಕ.

ಹಳೇ ಬಾಗಲಕೋಟಿಯಾಗ
ಗ್ವಾಡಿ ಮ್ಯಾಲೆ ಕೆಂಪು ನಂಬರ ಬರದು ಹೋದ್ರಂತ.
ನಾ ಆಗ ಅಮ್ಮಿಯ ಸೊಂಟದ ಮ್ಯಾಲಿದ್ದೆ.
ಹಿನ್ನೀರು ಬಂತು, ನಾವು ನವನಗರಕ್ಕ ಬಂದ್ವಿ.
ಸೆಕ್ಟರು, ಪ್ಲಾಟು, ಅಡ್ಡಗೆರಿ, ಇನ್ನೊಂದು ನಂಬರು.
ಅಬ್ಬಾ ಹಣ್ಣಿನ ಗಾಡಿ ತಳ್ಳಿಕೊಂಡು ಬಂದ್ರ
ಅಮ್ಮಿ ಡಾಲ್ಡಾ ಡಬ್ಬಿಯಾಗ ಹಿತ್ತಲದ ಟೊಂಗಿ ತಂದಳು.
ಬಾಗವಾನರ ಮನಿಗೆ ಒಂದು ಬಾಗ್ ಬ್ಯಾಡೇನು ಅಂತ.

ಇಲ್ಲಿ ನಾ ಬೆಳಸೂ ತಳಿಯ ಹೆಸರು ಭಗವಾ.
ಒಂದ ತಾಯಿ, ಹತ್ತು ಸಾವಿರ ಮಕ್ಕಳು,
ಎಲಿಯ ಗೀರು ಸೈತ ಒಂದ.
ಫೋನಿನ್ಯಾಗ ಅಮ್ಮಿಗೆ ತೋರಿಸಿದೆ,
ಟ್ಯೂಬ್‌ಲೈಟಿನ ಕೆಳಗ ಸಾಲು ಸಾಲು ಹಸರು.
ನೋಡೇ ನೋಡಿದಳು.
"ಇಷ್ಟು ಮಂದ್ಯಾಗ ಯಾರು ಅತ್ರು ಅಂತ
ನಿನಗ ಹೆಂಗ ತಿಳೀತೈತಿ?" ಅಂದಳು.

ಮನ್ನೆ ಲೋಕಾಪುರದ ಗೌರಕ್ಕ ತುಂಗಳ
ಇಲ್ಲಿಂದ ಒಯ್ದ ಗಿಡದ ಮೊದಲ ಹಣ್ಣು
ನಮ್ಮ ಟೇಬಲ್ ಮ್ಯಾಲೆ ಉರುಳಿಸಿದ್ಲು:
"ತಿರುವಿ ತಿರುವಿ ನೋಡ್ರವಾ, ಒಂದು ಚುಕ್ಕಿ ಇದ್ರ ಹೇಳ್ರಿ."
ಇರಲಿಲ್ಲ. ಆ ದಿನ ಬುತ್ತಿ ರುಚಿ ಹತ್ತಿತ್ತು.

ಮಿರಗದ ಮಳಿ ಬಿದ್ದ ವಾರ
ಅಮ್ಮಿಯ ಗಿಡದ ಚಿಗುರು ಕರವಸ್ತ್ರದಾಗ ಸುತ್ತಿ ತಂದೆ.
ಕಳವು ಅನ್ರಿ ಬೇಕಾದ್ರ.
ಎಂಟು ಬಾಟಲಿ. ಚೀಟಿಗೆ ನಂಬರ ಹಾಕಲಿಲ್ಲ,
ಪೆನ್ಸಿಲಿನ್ಯಾಗ "ಅಮ್ಮಿ" ಅಂತ.
ಐದಕ್ಕ ಬೂಷ್ಟು ಹತ್ತಿತು, ಎರಡು ಕರಿ ಕಕ್ಕಿ ಸತ್ತವು,
ಒಂದು ಉಳದು ಎರಡು ಎಲಿ ತಗೀತು,
ಇಲಿಮರಿ ಕಿವಿ ಅಂಥಾವು.

ಸಿಕ್ಕಬಿದ್ದೆ. ಹಳಿಂಗಳಿ ಮೇಡಂ ಬೈಲಿಲ್ಲ.
ಚೀಟಿ ಓದಿ, ಕನ್ನಡಕ ಒರಸಿ, "ಟೆಸ್ಟ್ ಮಾಡೂಣು" ಅಂದ್ರು.
ಇದ್ದ ಒಂದು ಕಣ ಸುಳಿವನ್ನ
ಕೋಟಿ ಮಾಡಿ ತೋರಿಸೂ ಯಂತ್ರ ಎರಡು ತಾಸು ಗುಂಯ್‌ಗುಟ್ಟಿತು.
ಜೆಲ್ ಮ್ಯಾಲೆ ಗೆರಿ ಮಿಂಚಿತು,
ನೆಟ್ಟಗ, ಸಣ್ಣಗ, ಅಮ್ಮಿಯ ಬೈತಲಿಯಂಗ.
ಅಂಗಮಾರಿ.
ಡಾಲ್ಡಾ ಡಬ್ಬಿಯಾಗ ನಮ್ಮ ಕೂಡನ ಬಂದಿತ್ತೇನೋ,
ಇಲ್ಲಾ ಇಲ್ಲಿಯ ಗಾಳಿಗೇ ಹತ್ತಿತ್ತೇನೋ.

ಆಟೋಕ್ಲೇವಿನ ಮುಚ್ಚಳ ನಾನ ಬಿಗದೆ.
ನೂರಾ ಇಪ್ಪತ್ತೊಂದು ಡಿಗ್ರಿ.
ಅಡಗಿಮನಿ ಕುಕ್ಕರಿನಂಗ ಉಸ್ಸ್ ಅಂತು, ಅಷ್ಟ.

ಸಂಜೀಕ ಅಮ್ಮಿ ಸೀಳಿದ ಹಣ್ಣಿನ
ಕರಿ ಚುಕ್ಕಿ ಕಡೆ ಕೊಯ್ದು ಆಡಿಗೆ ಹಾಕಿ
ಉಳದ ಅರ್ಧ ನನ್ನ ಬಟ್ಟಲಿಗೆ ಉದುರಿಸಿದಳು.
ಹುಳಿ. ಆಮ್ಯಾಲೆ ಸಿಹಿ. ಆಮ್ಯಾಲೆ ಮತ್ತ ಹುಳಿ.
ನಾ ಏನೂ ಹೇಳಲಿಲ್ಲ.

ಮೇಡಂ ಹೋಗೂ ಮುಂದ ಅಂದಿದ್ರು:
"ಗಿಣ್ಣು ಬ್ಯಾಡ ಮೆಹಜಬೀನ, ತುದೀ ತುದಿ ಕೊಯ್ದು ನೋಡು.
ಅರ್ಧ ಮಿಲಿಮೀಟರು.
ಬೆಳಿಯೂ ತುದಿ ರೋಗಕ್ಕಿಂತ
ಒಂದು ಹೆಜ್ಜಿ ಮುಂದ ಇರತೈತಿ, ಒಮ್ಮೊಮ್ಮೆ."
ಒಮ್ಮೊಮ್ಮೆ ಅನ್ನೂದನ್ನ ಮೆಲ್ಲಕ ಅಂದ್ರು.

ಇವತ್ತು ಮಸೂರದ ಕೆಳಗ ಕಂಡಿತು.
ನೀರಹನಿಯಷ್ಟು ತಿಳಿ,
ಇನ್ನೂ ಎಲಿ ಅಲ್ಲ, ಟೊಂಗಿ ಅಲ್ಲ,
ಯಾವ ಊರಿಂದು ಅಂತ ಇನ್ನೂ ಗೊತ್ತಿಲ್ಲದ್ದು.
ಉಸರು ಪಕ್ಕಕ್ಕ ತಿರುಗಿ ಬಿಟ್ಟೀನಿ.
ಕೈ ನಡಗೂದು ನಿಂದರ್ಲಿ,
ಕೊಯ್ತೀನಿ.